ಸಹಾಯ ಬೇಕು: ಬಿ.ಎಡ್. ಇಂಟರ್ನ್‌ಶಿಪ್‌ಗೆ ಭತ್ಯೆ ಕೇಳುವ ಮನವಿ

ಎಲ್ಲರಿಗೂ ನಮಸ್ಕಾರ. ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಭತ್ಯೆ ಕೊಡಿ ಎಂಬ ಮನವಿ ಸಿದ್ಧವಾಗುತ್ತಿದೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಂತೆ ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಇಂಟರ್ನ್‌ಶಿಪ್, ಅದರಲ್ಲಿ 16 ವಾರ ಎರಡನೇ ವರ್ಷ. ಹಾಜರಾತಿ 90% ಕಡ್ಡಾಯ. ವಾರಕ್ಕೆ ಆರು ದಿನವೆಂದರೆ ಈ 16 ವಾರಕ್ಕೆ 96 ದಿನ, ತಪ್ಪಿಸಬಹುದಾದದ್ದು ಒಂಬತ್ತೇ. ಹಗಲು ದುಡಿದು ಓದುವವರಿಗೆ ಇದು ನಿಜಕ್ಕೂ ಕಷ್ಟ. ಬಸ್, ಚಾರ್ಟ್, ಪಾಠೋಪಕರಣಕ್ಕೆ ದಿನಕ್ಕೆ ₹80 ಹಿಡಿದರೂ ₹7,680. (ಶಕ್ತಿ ಯೋಜನೆ ಖಾಸಗಿ ಬಸ್ಸಿಗಿಲ್ಲ, ಕರಾವಳಿಯವರಿಗೆ ಗೊತ್ತು.)

ಭತ್ಯೆಯನ್ನು ಕೊನೆಗೆ ಒಟ್ಟಿಗೆ ಕೊಟ್ಟರೆ ಸಾಲ ಮಾಡಿಯೇ ಓಡಾಡಬೇಕು. ಆದ್ದರಿಂದ ಮುಖ್ಯ ಶಿಕ್ಷಕರ ಹಾಜರಾತಿ ದೃಢೀಕರಣದ ಮೇಲೆ ತಿಂಗಳಿಗೊಮ್ಮೆ ಖಾತೆಗೇ ಹಾಕಲಿ ಎಂದು ಕೇಳುತ್ತಿದ್ದೇವೆ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಆಧಾರ್ ಮೂಲಕ ಕಳಿಸುವ ನೇರ ವರ್ಗಾವಣೆಯ ಹಣ ತಲುಪುವುದಿಲ್ಲ, ಇದನ್ನು ಮೊದಲೇ ಪರಿಶೀಲಿಸಬೇಕು.

ನಿಮ್ಮ ಕಾಲೇಜು ಪ್ರಯಾಣ ಭತ್ಯೆ ಕೊಟ್ಟಿದ್ದರೆ ಆದೇಶದ ಪ್ರತಿ, ಹಾಜರಾತಿ ನಮೂನೆ ದಯವಿಟ್ಟು ಇಲ್ಲಿ ಹಾಕಿ. ಯಾವ ಲೆಕ್ಕ ಶೀರ್ಷಿಕೆಯಿಂದ (ಬಜೆಟ್ಟಿನ ಯಾವ ಬಾಬ್ತಿನಿಂದ) ಕೊಟ್ಟರು ಎಂಬುದೂ ಬೇಕು.