ರಾತ್ರಿ ಪದೇ ಪದೇ ಏಳುವ ಮಗು: ಹೆತ್ತವರ ಅನುಭವಗಳು

ಕೇಳಿಕೆ

ನಮ್ಮ ಮಗಳಿಗೆ ಒಂದೂವರೆ ವರ್ಷ ದಾಟಿದೆ. ರಾತ್ರಿ ಎದೆಹಾಲು ಕುಡಿಯುತ್ತ ನನ್ನ ತೊಡೆಯ ಮೇಲೆಯೇ ನಿದ್ದೆಹೋಗುತ್ತಾಳೆ. ಹಾಸಿಗೆಗೆ ಇಳಿಸಿದ ಮೇಲೆ ಒಂದೆರಡು ಗಂಟೆ ಸುಮ್ಮನಿದ್ದು, ಆಮೇಲೆ ಬೆಳಗಿನವರೆಗೂ ಮತ್ತೆ ಮತ್ತೆ ಎದ್ದು ಅಳುತ್ತಾಳೆ. ಪ್ರತಿ ಸಲವೂ ಹಾಲು ಕೊಟ್ಟರೆ ಮಾತ್ರ ಮಲಗುತ್ತಾಳೆ. ಹಗಲಿನಲ್ಲಿ ಲವಲವಿಕೆಯಿಂದ ಇರುತ್ತಾಳೆ, ತೂಕವೂ ಸರಿಯಾಗಿ ಏರುತ್ತಿದೆ. ಆದರೆ ನಿದ್ದೆಗೆಟ್ಟು ನಾವಿಬ್ಬರೂ ಸೋತುಹೋಗಿದ್ದೇವೆ. ಅಳಲು ಬಿಟ್ಟುಬಿಡಿ ಎಂದು ಕೆಲವರು ಹೇಳುತ್ತಾರೆ, ತಾನಾಗಿಯೇ ಸರಿಹೋಗುತ್ತದೆ ಎಂದು ಇನ್ನು ಕೆಲವರು. ಈ ಹಂತವನ್ನು ದಾಟಿದವರು ನಿಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಇಬ್ಬರು ಮಕ್ಕಳ ತಾಯಿಯ ಉತ್ತರ

ನಿಮ್ಮ ಮಗಳು ನಿದ್ದೆಹೋಗುವುದು ತೊಡೆಯ ಮೇಲೆ, ಎಚ್ಚರಗೊಳ್ಳುವುದು ಹಾಸಿಗೆಯ ಮೇಲೆ. ನನ್ನ ಹಿರಿಯ ಮಗನೂ ಹೀಗೆಯೇ ಇದ್ದುದರಿಂದ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಸಂಗತಿ. ಮಕ್ಕಳ ತಜ್ಞರು ನಮಗೆ ವಿವರಿಸಿದಂತೆ, ಯಾರೂ ರಾತ್ರಿಯಿಡೀ ಒಂದೇ ಸಮನೆ ನಿದ್ರಿಸುವುದಿಲ್ಲ; ಗಾಢ ನಿದ್ದೆಯೂ ಹಗುರ ನಿದ್ದೆಯೂ ಒಂದರ ಹಿಂದೊಂದು ಸುತ್ತುಗಳಾಗಿ ಬರುತ್ತವೆ. ದೊಡ್ಡವರಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ ಹಿಡಿದರೆ ಪುಟ್ಟ ಮಕ್ಕಳಲ್ಲಿ ಅದು ಸುಮಾರು ಒಂದು ಗಂಟೆಗೇ ಮುಗಿಯುತ್ತದೆ, ಹಾಗೂ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಲ್ಲರಿಗೂ ಅರೆ ಎಚ್ಚರವಾಗುವುದು ಸಹಜ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಹಾಲು ಕುಡಿಯುತ್ತಲೇ ನಿದ್ದೆಗೆ ಜಾರಿ ರೂಢಿಯಾದ ಮಗುವಿಗೆ ಮಾತ್ರ ಬೇರೆ ದಾರಿ ಗೊತ್ತಿಲ್ಲದ ಕಾರಣ, ಪ್ರತಿ ಸಲ ಎಚ್ಚರವಾದಾಗಲೂ ಮತ್ತೆ ಅದೇ ತೊಡೆ, ಅದೇ ಹಾಲು ಬೇಕೆನಿಸುತ್ತದೆ. ಅದು ಹಠವಲ್ಲ, ಹಸಿವೂ ಅಲ್ಲ.

ಆದುದರಿಂದ ನಡುರಾತ್ರಿಯ ಅಳುವಿಗೆ ಪರಿಹಾರವನ್ನು ಮಲಗಿಸುವ ಹೊತ್ತಿನಲ್ಲಿಯೇ ಹುಡುಕಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಾವು ಮೊದಲು ಮಾಡಿದ್ದು ಹಾಲಿನ ಹೊತ್ತನ್ನು ಹಿಂದಕ್ಕೆ ಸರಿಸಿದ್ದು. ದೀಪಗಳು ಬೆಳಗುತ್ತಿರುವಾಗಲೇ ಹಾಲು ಕುಡಿಸಿ, ಆಮೇಲೆ ಹಲ್ಲುಜ್ಜಿಸಿ, ಬಟ್ಟೆ ಬದಲಿಸಿ, ದೀಪ ತಗ್ಗಿಸಿ, ಪ್ರತಿದಿನವೂ ಅದೇ ಒಂದು ಹಾಡು ಹೇಳಿ, ಇನ್ನೂ ಕಣ್ಣು ತೆರೆದಿರುವಾಗಲೇ ಹಾಸಿಗೆಯಲ್ಲಿ ಮಲಗಿಸುತ್ತಿದ್ದೆವು. ಹಲ್ಲಿನ ದೃಷ್ಟಿಯಿಂದಲೂ ಇದು ಒಳ್ಳೆಯದು, ಅದರಲ್ಲಿಯೂ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಹಲ್ಲು ಹುಳುಕಾಗುವ ಸಾಧ್ಯತೆ ಹೆಚ್ಚು. ಆರಂಭದಲ್ಲಿ ನಾನು ಪಕ್ಕದಲ್ಲಿಯೇ ಮಲಗಿ ಬೆನ್ನು ತಟ್ಟುತ್ತಿದ್ದೆ. ಅದಕ್ಕೆ ಒಗ್ಗಿಕೊಂಡ ಮೇಲೆ ತಟ್ಟುವುದನ್ನು ನಿಲ್ಲಿಸಿ ಕೈಯನ್ನು ಸುಮ್ಮನೆ ಬೆನ್ನ ಮೇಲಿಟ್ಟಿರುತ್ತಿದ್ದೆ. ಅನಂತರ ಕೈ ತೆಗೆದು ಪಕ್ಕದಲ್ಲಿ ಕುಳಿತೆ. ಕೊನೆಗೆ ಕುರ್ಚಿಯನ್ನು ಬಾಗಿಲಿನ ಬಳಿಗೆ ಸರಿಸಿದೆ. ಒಂದು ಹೆಜ್ಜೆ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗಲಿಲ್ಲ.

ಅಳು ಇರಲಿಲ್ಲ ಎಂದು ಹೇಳಲಾರೆ. ಎರಡನೆಯ, ಮೂರನೆಯ ರಾತ್ರಿ ಅದು ಮೊದಲಿಗಿಂತ ಜೋರಾಯಿತು. ಹಳೆಯ ಕ್ರಮವನ್ನು ತೆಗೆದ ಕೂಡಲೇ ಮಗು ಅದಕ್ಕಾಗಿ ಇನ್ನಷ್ಟು ರಚ್ಚೆ ಹಿಡಿಯುವುದು ನಿರೀಕ್ಷಿತವೇ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ನಾವು ಧೈರ್ಯಗೆಡಲಿಲ್ಲ. ಒಂದು ರಾತ್ರಿ ತಡೆದು, ಮರುರಾತ್ರಿ ಸೋತು ಹಾಲು ಕೊಟ್ಟರೆ, ಹೆಚ್ಚು ಹೊತ್ತು ಅತ್ತರೆ ಸಿಗುತ್ತದೆ ಎಂಬುದಷ್ಟೇ ಮಗುವಿಗೆ ಅರ್ಥವಾಗುತ್ತದೆ. ಹಿಡಿದ ಕ್ರಮವನ್ನು ಮನೆಯವರೆಲ್ಲರೂ ಒಂದೇ ರೀತಿಯಲ್ಲಿ ನಡೆಸಿಕೊಂಡು ಹೋಗುವುದು, ಯಾವ ಕ್ರಮವನ್ನು ಆರಿಸಿಕೊಂಡೆವು ಎಂಬುದಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ರಾತ್ರಿಯ ಹಾಲನ್ನು ಕಡಿಮೆ ಮಾಡುವುದೆಂದರೆ ಎದೆಹಾಲನ್ನೇ ಬಿಡಿಸುವುದೆಂದು ದಯವಿಟ್ಟು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಮುಂದುವರಿಸಬಹುದೆನ್ನುತ್ತದೆ. ಹಗಲಿನಲ್ಲಿ ನೆಮ್ಮದಿಯಾಗಿ ಕುಡಿಸಿ. ಆದರೆ ಒಂದು ವರ್ಷ ದಾಟಿ, ಚೆನ್ನಾಗಿ ಉಂಡು ಬೆಳೆಯುತ್ತಿರುವ ಆರೋಗ್ಯವಂತ ಮಗುವಿಗೆ ಪೋಷಣೆಯ ದೃಷ್ಟಿಯಿಂದ ನಡುರಾತ್ರಿಯ ಹಾಲು ಸಾಮಾನ್ಯವಾಗಿ ಅಗತ್ಯವಿರುವುದಿಲ್ಲ. ಪ್ರತಿ ಸಲ ಕುಡಿಸುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದರೆ ತಾಯಿಗೆ ಎದೆ ಕಟ್ಟಿಕೊಳ್ಳುವ ನೋವೂ ತಪ್ಪುತ್ತದೆ.

ಒಬ್ಬ ತಂದೆಯ ಉತ್ತರ

ಮೇಲಿನ ಮಾತುಗಳೆಲ್ಲವೂ ಸರಿ. ಆದರೆ ಹಗಲಿನ ಲೆಕ್ಕವನ್ನು ನೋಡದೆ ರಾತ್ರಿಯನ್ನು ಮಾತ್ರ ತಿದ್ದಲು ಹೋದರೆ ಶ್ರಮ ವ್ಯರ್ಥವಾದೀತು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ನಮ್ಮ ಮಗ ಸಂಜೆಯ ಹೊತ್ತಿಗೆ ದೀರ್ಘವಾಗಿ ಮಲಗುತ್ತಿದ್ದುದರಿಂದ ರಾತ್ರಿ ಎರಡು ಗಂಟೆಗೆ ಎದ್ದು ಆಟಕ್ಕೆ ಕೂರುತ್ತಿದ್ದ. ಹಗಲಿನ ಎರಡು ನಿದ್ದೆ ಒಂದಕ್ಕೆ ಇಳಿಯುವುದು ಸಾಮಾನ್ಯವಾಗಿ ನಿಮ್ಮ ಮಗಳ ವಯಸ್ಸಿನ ಆಸುಪಾಸಿನಲ್ಲಿಯೇ ಎಂದು ತಿಳಿದು, ನಾವು ಆ ಒಂದು ನಿದ್ದೆಯನ್ನು ಮಧ್ಯಾಹ್ನದ ಮೊದಲ ಭಾಗಕ್ಕೆ ತಂದೆವು. ಹಾಗೆಂದು ಹಗಲು ಮಲಗಲೇ ಬಿಡದೆ ದಣಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅತಿಯಾಗಿ ದಣಿದ ಮಗು ಇನ್ನಷ್ಟು ಕಿರಿಕಿರಿಗೊಂಡು ಮಲಗಲು ತಡಮಾಡುತ್ತದೆ.

ಬೆಳಗ್ಗೆ ಏಳುವ ಹೊತ್ತನ್ನು ರಜಾದಿನಗಳಲ್ಲಿಯೂ ಬದಲಿಸಲಿಲ್ಲ, ಎದ್ದ ಕೂಡಲೇ ಹೊರಗಿನ ಬೆಳಕಿಗೆ ಕರೆದೊಯ್ಯುತ್ತಿದ್ದೆವು. ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲಾದಂತೆ ದೇಹದಲ್ಲಿ ಏರುತ್ತದೆ, ಬೆಳಕು ಅದನ್ನು ತಡೆಯುತ್ತದೆ, ಮಕ್ಕಳ ಕಣ್ಣು ಬೆಳಕಿಗೆ ದೊಡ್ಡವರಿಗಿಂತ ಹೆಚ್ಚು ಸೂಕ್ಷ್ಮ. ಮಲಗುವುದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮೊಬೈಲ್, ಟಿವಿ ಎರಡನ್ನೂ ದೂರವಿಡಿ. ನಡುರಾತ್ರಿ ಎದ್ದರೆ ದೊಡ್ಡ ದೀಪ ಹಾಕಬೇಡಿ, ಮಾತು ಬೆಳೆಸಬೇಡಿ.

ಇನ್ನೊಬ್ಬ ತಾಯಿಯ ಉತ್ತರ

ಅಭ್ಯಾಸವನ್ನು ಬದಲಿಸಲು ಹೊರಡುವ ಮೊದಲು ದೇಹದ ತೊಂದರೆ ಏನಾದರೂ ಇದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಮಗಳು ಬಾಯಿ ತೆರೆದು, ಗೊರಕೆ ಹೊಡೆಯುತ್ತ ಮಲಗುತ್ತಿದ್ದಳು. ನಡುನಡುವೆ ಉಸಿರು ನಿಂತಂತಾಗಿ, ತಟ್ಟನೆ ಬೆಚ್ಚಿ ಏಳುತ್ತಿದ್ದಳು. ತಪಾಸಣೆ ಮಾಡಿದಾಗ ಮೂಗಿನ ಹಿಂಭಾಗದ ಅಡಿನಾಯ್ಡ್ ಊದಿಕೊಂಡು ಉಸಿರಿನ ದಾರಿಯನ್ನು ಕಟ್ಟುತ್ತಿರುವುದು ಗೊತ್ತಾಯಿತು. ಅದಕ್ಕೆ ಚಿಕಿತ್ಸೆಯಾದ ಮೇಲೆ ನಿದ್ದೆ ಸುಧಾರಿಸಿತು. ಯಾವ ಮಲಗಿಸುವ ಕ್ರಮವೂ ಅದನ್ನು ಸರಿಪಡಿಸುತ್ತಿರಲಿಲ್ಲ. ಶೀತವಿಲ್ಲದಾಗಲೂ ಹೆಚ್ಚುಕಡಿಮೆ ಪ್ರತಿ ರಾತ್ರಿ ಗೊರಕೆ ಕೇಳಿಸಿದರೆ ವೈದ್ಯರಿಗೆ ತಿಳಿಸಿ. ಫೋನಿನಲ್ಲಿ ಒಂದು ಸಣ್ಣ ವಿಡಿಯೋ ತೆಗೆದುಕೊಂಡು ಹೋದರೆ ಅವರಿಗೂ ಅನುಕೂಲ.

ಮಲಗಿದಾಗ ಕಿವಿನೋವು ಹೆಚ್ಚುವುದುಂಟು. ಕಬ್ಬಿಣಾಂಶದ ಕೊರತೆಯಿರುವ ಕೆಲವು ಮಕ್ಕಳು ರಾತ್ರಿಯೆಲ್ಲ ಕಾಲು ಒದರುತ್ತ ಹೊರಳಾಡುತ್ತಾರೆ, ಇದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಹಿಂಭಾಗದಲ್ಲಿ ತುರಿಕೆಯಿಂದ ಏಳುತ್ತಿದ್ದರೆ ಹುಳುವಿನ ಬಾಧೆಯಿರಬಹುದು, ಏಕೆಂದರೆ ಸಣ್ಣ ದಾರದಂಥ ಆ ಹುಳುಗಳು ಗುದದ್ವಾರದ ಸುತ್ತ ಮೊಟ್ಟೆಯಿಡುವುದು ರಾತ್ರಿಯಲ್ಲಿ. ಹಲ್ಲು ಬರುತ್ತಿರುವುದರಿಂದಲೂ ಕೆಲವು ರಾತ್ರಿಗಳು ಕೆಡುತ್ತವೆ, ಆದರೆ ತಿಂಗಳುಗಟ್ಟಲೆಯ ಎಚ್ಚರಕ್ಕೆ ಹಲ್ಲನ್ನೇ ಕಾರಣ ಮಾಡಿಕೊಂಡು ಕೂರಬಾರದು. ನಿದ್ದೆ ಬರಲೆಂದು ಶೀತದ ಸಿರಪ್ ಕುಡಿಸಿ ಎಂಬ ಸಲಹೆ ಯಾರಿಂದ ಬಂದರೂ ಕಿವಿಗೊಡಬೇಡಿ. ಈ ವಯಸ್ಸಿನ ಮಕ್ಕಳಲ್ಲಿ ಅದು ಅಪಾಯಕಾರಿ.

ಮೂರು ವರ್ಷದ ಮಗುವಿನ ತಾಯಿಯ ಉತ್ತರ

ಮುಂದೆ ಉಪಯೋಗಕ್ಕೆ ಬಂದೀತೆಂದು ಇದೊಂದನ್ನು ಸೇರಿಸುತ್ತೇನೆ. ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ ಮಗು ಇದ್ದಕ್ಕಿದ್ದಂತೆ ಚೀರಿ, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದೆ, ಎತ್ತಿಕೊಂಡರೆ ಇನ್ನಷ್ಟು ಒದರಾಡಿದರೆ, ಅದು ಗಾಢ ನಿದ್ದೆಯೊಳಗಿನ ಭೀತಿ. ಮಗು ನಿಜವಾಗಿ ಎಚ್ಚರಗೊಂಡಿರುವುದಿಲ್ಲ. ಎಬ್ಬಿಸಲು ಯತ್ನಿಸದೆ, ಪೆಟ್ಟಾಗದಂತೆ ಪಕ್ಕದಲ್ಲಿ ಕಾಯ್ದರೆ ಸಾಕು, ಬೆಳಗ್ಗೆ ಅದಕ್ಕೆ ಏನೂ ನೆನಪಿರುವುದಿಲ್ಲ. ಕೆಟ್ಟ ಕನಸು ಹಾಗಲ್ಲ. ಅದು ಬೆಳಗಿನ ಜಾವಕ್ಕೆ ಹತ್ತಿರವಾಗಿ ಬರುವುದು ಹೆಚ್ಚು, ಆಗ ಮಗು ಪೂರ್ತಿ ಎದ್ದು ನಿಮ್ಮನ್ನು ಹುಡುಕುತ್ತದೆ, ಅಪ್ಪಿಕೊಂಡು ಸಮಾಧಾನಪಡಿಸಬೇಕು.

ಮತ್ತೊಬ್ಬ ತಂದೆಯ ಉತ್ತರ

ಅಳಲು ಬಿಡಬೇಕೇ ಎಂಬ ನಿಮ್ಮ ಪ್ರಶ್ನೆ ನಮ್ಮ ಮನೆಯಲ್ಲಿಯೂ ಬಹಳ ದಿನ ಚರ್ಚೆಯಾಗಿತ್ತು. ಕೋಣೆಯಿಂದ ಹೊರಬಂದು, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಒಳಗೆ ಹೋಗಿ ಮಾತಾಡಿಸಿ, ಆ ಅಂತರವನ್ನು ಕ್ರಮೇಣ ಹೆಚ್ಚಿಸುವ ಕ್ರಮವೊಂದಿದೆ. 2016ರಲ್ಲಿ ಪ್ರಕಟವಾದ, 43 ಮಕ್ಕಳನ್ನು ಒಳಗೊಂಡ ಆಸ್ಟ್ರೇಲಿಯದ ಒಂದು ಅಧ್ಯಯನ, ಈ ಕ್ರಮದಿಂದ ಮಕ್ಕಳ ಒತ್ತಡದ ಹಾರ್ಮೋನು ಹೆಚ್ಚಿದ್ದಾಗಲೀ ತಾಯಿಯೊಂದಿಗಿನ ಬಾಂಧವ್ಯ ಒಂದು ವರ್ಷದ ಬಳಿಕ ಕೆಟ್ಟದ್ದಾಗಲೀ ಕಂಡುಬರಲಿಲ್ಲವೆಂದು ಹೇಳಿತು. ಇದನ್ನು ಓದಿಯೂ ನನ್ನ ಹೆಂಡತಿಗೆ ಅದು ಒಪ್ಪಿಗೆಯಾಗಲಿಲ್ಲ, ನಾನು ಒತ್ತಾಯಿಸಲಿಲ್ಲ. ಇಬ್ಬರಲ್ಲೊಬ್ಬರು ಮನಸ್ಸಿಲ್ಲದೆ ಮಾಡುವ ಕ್ರಮ ಅರ್ಧಕ್ಕೇ ಮುರಿಯುತ್ತದೆ. ಮೊದಲನೆಯವರು ಹೇಳಿದ, ಪಕ್ಕದಲ್ಲಿದ್ದುಕೊಂಡೇ ಮೆಲ್ಲಗೆ ದೂರ ಸರಿಯುವ ದಾರಿಯನ್ನೇ ನಾವೂ ಹಿಡಿದೆವು. ಅದು ನಿಧಾನ, ಆದರೆ ನಮ್ಮಿಬ್ಬರ ಮನಸ್ಸಿಗೂ ಒಗ್ಗಿತು. ಮಗು ಪಕ್ಕದಲ್ಲಿ ಮಲಗಿ ಎಲ್ಲರಿಗೂ ಚೆನ್ನಾಗಿ ನಿದ್ದೆ ಬರುತ್ತಿರುವ ಮನೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ ಎಂಬುದನ್ನೂ ಹೇಳಬೇಕು.

ಹಾಲಿನ ವಾಸನೆ ಹತ್ತಿರವಿದ್ದಷ್ಟೂ ಮಗು ಅದನ್ನೇ ಬೇಡುವುದರಿಂದ, ರಾತ್ರಿ ಎದ್ದಾಗ ಸಮಾಧಾನಪಡಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ನನ್ನ ಹೆಂಡತಿ ಬೇರೆ ಕೋಣೆಯಲ್ಲಿ ಮಲಗಿದಳು. ನೀವಿಬ್ಬರೂ ಪ್ರತಿ ಎಚ್ಚರಕ್ಕೂ ಒಟ್ಟಿಗೆ ಏಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ: ನಡುರಾತ್ರಿಯವರೆಗೆ ಒಬ್ಬರು, ಅನಂತರ ಇನ್ನೊಬ್ಬರು ಎಂದು ಹಂಚಿಕೊಳ್ಳಿ, ಇದರಿಂದ ಪ್ರತಿಯೊಬ್ಬರಿಗೂ ಕೆಲವು ಗಂಟೆಯಾದರೂ ಅಖಂಡ ನಿದ್ದೆ ಸಿಗುತ್ತದೆ. ಪ್ರಯಾಣ, ಜ್ವರ, ಮನೆ ಬದಲಾವಣೆ ಇರುವ ವಾರದಲ್ಲಿ ಹೊಸ ಕ್ರಮವನ್ನು ಶುರುಮಾಡಬೇಡಿ. ಶುರುಮಾಡಿದ ಮೇಲೆ ಜ್ವರ ಬಂದರೆ ಮಗುವನ್ನು ಬೇಕಾದಷ್ಟು ಎತ್ತಿಕೊಳ್ಳಿ, ಗುಣವಾದ ಮರುದಿನದಿಂದ ಬಿಟ್ಟಲ್ಲಿಂದಲೇ ಮುಂದುವರಿಸಿ. ಮಗುವಿಗೆ ನಿದ್ದೆ ಬಂದ ಮೇಲೂ ತಾಯಿಗೆ ನಿದ್ದೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ದಿನಗಳು ಕಳೆಯುತ್ತಿದ್ದರೆ, ಅದನ್ನು ಬರಿಯ ಆಯಾಸವೆಂದು ತಳ್ಳಿಹಾಕದೆ ಆಕೆಗಾಗಿಯೇ ಪ್ರತ್ಯೇಕವಾಗಿ ವೈದ್ಯರನ್ನು ಕಾಣಿರಿ.