ಓದು-ಬರಹದ ಲೆಕ್ಕ ಕೇಳಿದ್ದಿರಲ್ಲ, ತಗೊಳ್ಳಿ

ಅಕ್ಕ, ನಿನ್ನ ಮೆಸೇಜು ನೋಡಿದೆ. "ತಿಂಗಳು ಮುಗಿಯಿತು, ಎಷ್ಟು ಪುಸ್ತಕ ಓದಿದೆ, ಕಥೆ ಎಲ್ಲಿಗೆ ಬಂತು" ಅಂತ ಕೇಳಿದ್ದೀಯ. ಅದರ ಕೆಳಗೆ ಚಿಕ್ಕಪ್ಪ "ಪುಟದ ಲೆಕ್ಕವೂ ಬರಲಿ" ಅಂತ ಸೇರಿಸಿದ್ದಾರೆ. ಭಾವ ಬರೀ ನಗುವ ಮುಖ ಹಾಕಿ ಸುಮ್ಮನಾಗಿದ್ದಾರೆ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಬಾಯಲ್ಲಿ ಹೇಳುತ್ತಾ ಹೋಗುತ್ತಿದ್ದೇನೆ, ಫೋನೇ ಅಕ್ಷರ ಮಾಡಿಕೊಳ್ಳಲಿ. ಪುರುಸೊತ್ತಾದಾಗ ಓದಿ.

ಲೆಕ್ಕ ಮೊದಲು ಒಪ್ಪಿಸಿಬಿಡುತ್ತೇನೆ. ಎರಡು ಕಾದಂಬರಿ ಓದಿದೆ, ಎರಡೂ ಹಿಂದೊಮ್ಮೆ ಓದಿದ್ದವೇ. ಒಂದು ದಪ್ಪ ಪುಸ್ತಕವನ್ನು ಅರ್ಧಕ್ಕೇ ಬಿಟ್ಟೆ, ಅದರ ಬಗ್ಗೆ ಬೇಜಾರೇನೂ ಇಲ್ಲ. ಬರೆದದ್ದು ಒಂದೇ ಒಂದು ಸಣ್ಣ ಕಥೆ. ಅಷ್ಟೇನಾ ಅಂತೀರಾ? ಹೌದು, ಅಷ್ಟೇ. ಆದರೆ ಬರೆಯೋಕೆ ಶುರು ಮಾಡಿದ ಮೇಲೆ ಓದುವ ವೇಗ ಅರ್ಧಕ್ಕೆ ಇಳಿದಿದೆ, ಮತ್ತು ನನಗೆ ಖುಷಿ ಆಗಿರುವುದೇ ಆ ವಿಷಯಕ್ಕೆ. ಮೊದಲು ಮುಂದೇನಾಯಿತು ಅಂತ ಓಡುತ್ತಿದ್ದೆ. ಈಗ ಒಂದು ಪುಟ ಚೆನ್ನಾಗಿದೆ ಅನ್ನಿಸಿದರೆ ಅಲ್ಲೇ ನಿಲ್ಲುತ್ತೇನೆ, ಹಿಂದೆ ಹೋಗಿ ಇವರು ಇದನ್ನು ಹೇಗೆ ಮಾಡಿದರು ಅಂತ ನೋಡುತ್ತೇನೆ. ಹೀಗೆ ಓದಿದರೆ ಪುಟ ಎಲ್ಲಿಂದ ಸಾಗಬೇಕು ಚಿಕ್ಕಪ್ಪ?

ಮೊದಲು ಓದಿದ್ದು ತೇಜಸ್ವಿಯವರ 'ಕರ್ವಾಲೊ'. 1980ರ ಪುಸ್ತಕ, ಚಿಕ್ಕದು, ಮನಸ್ಸು ಮಾಡಿದರೆ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ನಾನು ವಾರಗಟ್ಟಲೆ ಓದಿದೆ. ಹಾರುವ ಓತಿಯನ್ನು ಹುಡುಕುವ ಕಥೆ ಅಂತ ಎಲ್ಲರಿಗೂ ಗೊತ್ತು. ಆದರೆ ಈ ಸಲ ಗಮನಿಸಿದ್ದು ಏನೆಂದರೆ, ಆ ಓತಿಯ ಹುಡುಕಾಟ ಜೋರಾಗುವುದು ಎಷ್ಟೋ ತಡವಾಗಿ. ಅಲ್ಲಿಯವರೆಗೆ ಜೇನು ಬರುತ್ತದೆ, ಮಂದಣ್ಣ ಬರುತ್ತಾನೆ, ಅವನ ಮದುವೆಯ ತಾಪತ್ರಯ ಬರುತ್ತದೆ, ಊರಿನವರ ನೂರೆಂಟು ತಕರಾರು ಬರುತ್ತದೆ. ಆದರೂ ಪುಸ್ತಕ ಕೆಳಗಿಡೋಕೆ ಆಗುವುದಿಲ್ಲ. ಯಾಕೆ ಅಂತ ಯೋಚಿಸಿದೆ. ಅಲ್ಲಿ ಸುಮ್ನೆ ಬಂದು ನಿಂತವರು ಯಾರೂ ಇಲ್ಲ, ಪ್ರತಿಯೊಬ್ಬನಿಗೂ ಏನೋ ಒಂದು ಬೇಕಾಗಿದೆ, ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನ ಕಾಲಿಗೆ ತೊಡರುತ್ತದೆ. ಓತಿ ಬರುವ ಹೊತ್ತಿಗೆ ನಾವು ಈ ಜನರ ಜೊತೆ ಎಲ್ಲಿಗೆ ಬೇಕಾದರೂ ನಡೆಯೋಕೆ ತಯಾರಾಗಿರುತ್ತೇವೆ. ಅಂದ ಹಾಗೆ ಹಾರುವ ಓತಿ ಬರೀ ಕಲ್ಪನೆ ಅಂದುಕೊಂಡವರು ಈ ಗ್ರೂಪಿನಲ್ಲೇ ಇದ್ದಾರೆ. ಅಲ್ಲ, ಪಶ್ಚಿಮ ಘಟ್ಟದಲ್ಲಿ ಈಗಲೂ ಇದೆ. ಪಕ್ಕೆಲುಬುಗಳನ್ನು ಅಗಲಿಸಿ ಚರ್ಮವನ್ನು ರೆಕ್ಕೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ. ಕಾದಂಬರಿಯ ಕೊನೆ ಹೇಳುವುದಿಲ್ಲ, ಚಿಕ್ಕಪ್ಪ ಇನ್ನೂ ಓದಿಲ್ಲ.

ಎರಡನೆಯದು ಕಾರಂತರ 'ಮೂಕಜ್ಜಿಯ ಕನಸುಗಳು'. 1968ರಲ್ಲಿ ಬಂದದ್ದು, ಜ್ಞಾನಪೀಠ ಬಂದದ್ದು 1977ರಲ್ಲಿ. ಕಾಲೇಜಿನಲ್ಲಿ ಓದಿದಾಗ ನನಗೆ ಇದು ಬರೀ ಚರ್ಚೆ ಅನ್ನಿಸಿತ್ತು. ಈ ಸಲ ಚರ್ಚೆಗಿಂತ ಜಾಸ್ತಿ ನೋಡಿದ್ದು ಮೊಮ್ಮಗ ಸುಬ್ಬರಾಯನನ್ನು. ಅಜ್ಜಿಯ ತಲೆಯಲ್ಲಿ ಅಷ್ಟೆಲ್ಲ ಇದೆ, ದೇವರು, ಧರ್ಮ, ಗಂಡು ಹೆಣ್ಣು, ಸಾವಿರಾರು ವರ್ಷದ ಹಿಂದಿನ ಜನ. ಅದನ್ನೆಲ್ಲ ನೇರವಾಗಿ ಬರೆದಿದ್ದರೆ ಭಾಷಣ ಆಗುತ್ತಿತ್ತು. ಕಾರಂತರು ಏನು ಮಾಡಿದ್ದಾರೆ, ಕೇಳುವವನನ್ನು ಪಕ್ಕದಲ್ಲಿ ಕೂರಿಸಿದ್ದಾರೆ. ಅವನಿಗೆ ಕುತೂಹಲ ಇದೆ, ಅನುಮಾನವೂ ಇದೆ. ಒಂದು ಹಳೆಯ ವಸ್ತುವನ್ನು ತಂದು ಅಜ್ಜಿಯ ಕೈಗೆ ಕೊಡುತ್ತಾನೆ, ಅವಳಿಗೆ ಏನೋ ಕಾಣುತ್ತದೆ, ಮಾತು ಅಲ್ಲಿಂದ ಹೊರಡುತ್ತದೆ. ಕೈಯಲ್ಲಿ ಒಂದು ವಸ್ತು ಇದ್ದರೆ ಎಷ್ಟು ದೊಡ್ಡ ಮಾತಿಗೂ ಭಾರ ಬರುತ್ತದೆ ಅಂತ ಅಲ್ಲಿ ಗೊತ್ತಾಯಿತು. ಇದನ್ನು ನಾನು ನನ್ನ ಕಥೆಗೆ ಸೀದಾ ಎತ್ತಿಕೊಂಡಿದ್ದೇನೆ, ನಾಚಿಕೆ ಏನಿಲ್ಲ.

ಈಗ ಕಥೆಯ ವಿಷಯಕ್ಕೆ ಬರುತ್ತೇನೆ. ಅದರ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಒಬ್ಬ ಇದ್ದಾನೆ, ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ವಯಸ್ಸಾಗಿದೆ, ಅಕ್ಷರ ತಪ್ಪಿದರೆ ಅವನ ಕಣ್ಣಿಗೆ ಕುಟುಕುತ್ತದೆ. ಒಂದು ದಿನ ಟೇಬಲ್ಲಿಗೆ ಒಂದು ಮದುವೆಯ ಕಾರ್ಡಿನ ಪ್ರೂಫ್ ಬರುತ್ತದೆ. ನೋಡಿದರೆ ಸ್ವಂತ ಅಣ್ಣನ ಮಗನದ್ದು. ಕೆಳಗೆ ಮನೆಯವರ ಹೆಸರುಗಳ ಸಾಲು ಇದೆ, ಅದರಲ್ಲಿ ಇವನ ಹೆಸರಿಲ್ಲ. ಇಷ್ಟೇ ಕಥೆ. ಬಿಟ್ಟುಹೋಗಿದೆ ಅಂತ ಗುರುತು ಹಾಕುವುದು ಅವನ ಕೆಲಸ. ಆದರೆ ಇದು ಬಿಟ್ಟುಹೋದದ್ದೋ, ಬಿಟ್ಟದ್ದೋ?

ಮೊದಲ ಸಲ ಬರೆದಾಗ ಆ ಜಾಗದಲ್ಲಿ "ಅವನ ಎದೆಯಲ್ಲಿ ದುಃಖ ಉಕ್ಕಿ ಬಂತು, ಬಾಲ್ಯದ ದಿನಗಳು ಕಣ್ಣ ಮುಂದೆ ಹಾದುಹೋದವು" ಅಂತ ಬಂದಿತ್ತು. ಮಾರನೆಯ ದಿನ ಓದಿದರೆ ಯಾರೋ ಬೇರೆಯವರ ಟಿವಿ ಸೀರಿಯಲ್ಲಿನ ಸಾಲು ಅನ್ನಿಸಿತು. ಅವನು ಪ್ರೂಫ್ ನೋಡುವವನು, ಏನಾದರೂ ಆದಾಗ ಮೊದಲು ಏನು ಮಾಡುತ್ತಾನೆ? ಮತ್ತೊಮ್ಮೆ ಓದುತ್ತಾನೆ. ಹಾಗಾಗಿ ಈಗ ಹೀಗಿದೆ: "ಹೆಸರುಗಳನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ ಕೆಳಗಿಂದ ಮೇಲಕ್ಕೆ ಓದಿದ. ಒಂದು ಕಡೆ ಒತ್ತಕ್ಷರ ಬಿದ್ದುಹೋಗಿತ್ತು. ಅದಕ್ಕೆ ಗುರುತು ಹಾಕಿದ." ದುಃಖ ಅನ್ನುವ ಮಾತೇ ಇಲ್ಲ, ಅಲ್ವಾ? ಪ್ರೂಫ್ ನೋಡುವವರು ನಿಜವಾಗಿಯೂ ಹಾಗೆ ಹಿಂದುಮುಂದಾಗಿ ಓದುವುದುಂಟು, ಅರ್ಥದ ಕಡೆ ಗಮನ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ ಅಂತ. ಆ ಒಂದು ವಿವರ ಸಿಕ್ಕಿದ ಮೇಲೆ ಕಥೆ ತಾನೇ ಎದ್ದು ನಿಂತಿತು. ಕೂಡಲೇ ಫೋನ್ ಮಾಡಿ ಯಾರಿಗಾದರೂ ಹೇಳೋಣ ಅನ್ನಿಸಿತ್ತು, ರಾತ್ರಿ ತುಂಬ ಹೊತ್ತಾಗಿತ್ತು ಅಂತ ಬಿಟ್ಟೆ.

ಮಾತುಗಳನ್ನು ಸರಿ ಮಾಡೋಕೆ ಒಂದು ಉಪಾಯ ಸಿಕ್ಕಿದೆ, ನಮ್ಮ ಪುಟ್ಟಿ ಕಥೆ ಬರೆಯುತ್ತಾಳಲ್ಲ, ಅವಳಿಗೂ ಹೇಳಿ. ಅಣ್ಣ ತಮ್ಮ ಮಾತಾಡುವ ಭಾಗವನ್ನು ನಾನೇ ಓದಿ ರೆಕಾರ್ಡ್ ಮಾಡಿದೆ, ಆಮೇಲೆ ನಡೆಯುತ್ತಾ ಕೇಳಿದೆ. ಅಯ್ಯೋ ಅನ್ನಿಸಿತು. ಅಣ್ಣನೂ ನಾನೇ, ತಮ್ಮನೂ ನಾನೇ. ಇಬ್ಬರೂ ಮಾತಿನ ಕೊನೆಗೆ "ಅಲ್ವಾ" ಅನ್ನುತ್ತಾರೆ. ನಗಬೇಡಿ, ಮೇಲೆ ನಾನೇ ಅಂದಿದ್ದು ನನಗೂ ಗೊತ್ತು. ಕಾಗದದ ಮೇಲೆ ಇದು ಕಾಣುವುದೇ ಇಲ್ಲ, ಕಿವಿಗೆ ಮಾತ್ರ ಸಿಕ್ಕಿಬೀಳುತ್ತದೆ. ಈಗ ಅಣ್ಣ ಯಾವತ್ತೂ ಪ್ರಶ್ನೆ ಕೇಳುವುದಿಲ್ಲ. "ಬಾ." "ಆಯಿತು." "ಅದೆಲ್ಲ ಬೇಡ." ಅಷ್ಟೇ ಅವನ ಮಾತು. ತಮ್ಮ ಮಾತ್ರ ಕೇಳುತ್ತಲೇ ಇರುತ್ತಾನೆ. ಇಬ್ಬರ ನಡುವೆ ಏನಾಗಿತ್ತು ಅಂತ ಹೇಳೋಕೆ ಬರೆದಿದ್ದ ಒಂದು ಪೂರ್ತಿ ಪುಟವನ್ನು ಅದಾದ ಮೇಲೆ ತೆಗೆದುಹಾಕಿದೆ, ಬೇಕಾಗಲೇ ಇಲ್ಲ. ಚಿಕ್ಕಪ್ಪ, ನಿಮ್ಮ ಪುಟದ ಲೆಕ್ಕದಲ್ಲಿ ಇದನ್ನು ಕಳೆಯುತ್ತೀರೋ ಕೂಡುತ್ತೀರೋ ನೋಡಿ.

ಕೊನೆ ಇನ್ನೂ ಸರಿಯಾಗಿಲ್ಲ. ಅವನು ಪ್ರೂಫನ್ನು ವಾಪಸ್ ಕಳಿಸುವಲ್ಲಿಗೆ ನಿಲ್ಲಿಸಲೋ, ಮದುವೆಗೆ ಹೋಗುವುದನ್ನೂ ತೋರಿಸಲೋ ಅಂತ ತೂಗಾಡುತ್ತಿದ್ದೇನೆ. ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಹೆಮಿಂಗ್ವೇ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅಂತ 1958ರ ಒಂದು ಸಂದರ್ಶನದಲ್ಲಿ ಹೇಳಿದ್ದ. ಆಮೇಲೆ ಅವನ ಕಾಗದಪತ್ರ ಹುಡುಕಿದರೆ ಅದಕ್ಕಿಂತ ಜಾಸ್ತಿ ಸಿಕ್ಕವು, 2012ರ ಆವೃತ್ತಿಯಲ್ಲಿ 47 ಕೊನೆಗಳನ್ನು ಒಟ್ಟಿಗೆ ಅಚ್ಚು ಹಾಕಿದ್ದಾರೆ. ಅಂಥವನಿಗೇ ಅಷ್ಟಾದರೆ ನನ್ನದೇನು.

ಅಕ್ಕ, ಟೈಮ್ ಎಲ್ಲಿಂದ ಸಿಗುತ್ತದೆ ಅಂತಲೂ ಕೇಳಿದ್ದೆ. ದಿನಾ ಬೆಳಿಗ್ಗೆ ಎದ್ದು ಇಷ್ಟೇ ಪದ ಬರೆಯಬೇಕು ಅನ್ನುವವರ ವಿಡಿಯೋ ಎಲ್ಲ ನೋಡಿದೆ. ಟ್ರಾಲಪ್ ಅಂತ ಇಂಗ್ಲೆಂಡಿನ ಕಾದಂಬರಿಕಾರ, ಅಂಚೆ ಇಲಾಖೆಯಲ್ಲಿ ಕೆಲಸ. ಬೆಳಗಿನ ಐದೂವರೆಗೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ ಬರೆಯುತ್ತಿದ್ದನಂತೆ, ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 47 ಕಾದಂಬರಿ ಬರೆದ. ನನಗೆ ಆ ಮನುಷ್ಯನನ್ನು ಕಂಡರೆ ಭಯ. ಇನ್ನೊಂದು ಕಡೆ ಕಾಫ್ಕಾ. ಅವನೂ ವಿಮಾ ಕಚೇರಿಯ ನೌಕರನೇ. 1912ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಹತ್ತಕ್ಕೆ ಕೂತವನು ಬೆಳಗಿನ ಆರಕ್ಕೆ ಒಂದು ಕಥೆ ಪೂರ್ತಿ ಮುಗಿಸಿ ಎದ್ದ. ಅದೂ ನನ್ನಿಂದ ಆಗುವ ಕೆಲಸ ಅಲ್ಲ, ಮಾರನೆಯ ದಿನ ಆಫೀಸಿನಲ್ಲಿ ತೂಕಡಿಸಬೇಕಾಗುತ್ತದೆ. ನನ್ನದು ಎಲ್ಲರೂ ಮಲಗಿದ ಮೇಲೆ ಸ್ವಲ್ಪ ಹೊತ್ತು, ಅದೂ ದಿನಾ ಅಲ್ಲ. ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುವಾಗಲೇ ನಿಲ್ಲಿಸುತ್ತೇನೆ. ಆಗ ಮಧ್ಯೆ ಎರಡು ಮೂರು ದಿನ ಬಿಟ್ಟುಹೋದರೂ ದಾರಿ ತಪ್ಪುವುದಿಲ್ಲ.

ಭಾವ, ನೀವು ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಗೊತ್ತು, ಹೋದ ಸಲ ಸಿಕ್ಕಾಗ "ಸಣ್ಣ ಕಥೆ ಎಲ್ಲ ಅಭ್ಯಾಸಕ್ಕೆ, ಬರೆದರೆ ಕಾದಂಬರಿ ಬರೆಯಬೇಕು" ಅಂದಿದ್ದಿರಿ. ಅದು ನನಗೆ ಒಪ್ಪಿಗೆ ಇಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಿತಲ್ಲ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್', ಅದು ಸಣ್ಣ ಕಥೆಗಳ ಪುಸ್ತಕವೇ. ಹನ್ನೆರಡು ಕಥೆ, ಬರೆದದ್ದು 1990ರಿಂದ 2023ರವರೆಗೆ. ಕಥಾಸಂಕಲನಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. 2013ರಲ್ಲಿ ನೊಬೆಲ್ ಪಡೆದ ಆಲಿಸ್ ಮನ್ರೋ ಕೂಡ ಕಥೆಗಾರ್ತಿ. ಮಕ್ಕಳು ಚಿಕ್ಕವರಿದ್ದಾಗ ಕಾದಂಬರಿಗೆ ಬೇಕಾದಷ್ಟು ಬಿಡುವು ಸಿಗದೆ ಸಣ್ಣ ಕಥೆ ಬರೆಯತೊಡಗಿದಳು, ಆಮೇಲೆ ಅದನ್ನು ಬಿಡಲೇ ಇಲ್ಲ. ಬಹುಮಾನ ಬಂದರೇ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಸಣ್ಣ ಕಥೆಯಲ್ಲಿ ಒಂದು ಸಾಲು ಸಡಿಲವಾದರೂ ಕಾಣುತ್ತದೆ. ಕಲಿಯೋಕೆ ನನಗೆ ಅದೇ ಬೇಕು.

ಮುಂದಿನ ತಿಂಗಳು ಹೊಸ ಪುಸ್ತಕ ಜಾಸ್ತಿ ಇಟ್ಟುಕೊಂಡಿಲ್ಲ. ಕಥೆಯ ಕೊನೆ ಮುಗಿಸಬೇಕು. ಚಿಕ್ಕಪ್ಪನಿಗೆ 'ಕರ್ವಾಲೊ' ಕೊಡುತ್ತೇನೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೇನೋ ಗೀಚಿದ್ದೇನೆ, ಅದನ್ನು ಓದಬೇಡಿ. ಕಥೆಯನ್ನು ಗ್ರೂಪಿಗೆ ಹಾಕುವುದಿಲ್ಲ. ಇಲ್ಲಿ ಹಾಕಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತೀರಿ, ಎಲ್ಲಿ ಬೋರ್ ಆಯಿತು ಅಂತ ಯಾರೂ ಹೇಳುವುದಿಲ್ಲ. ಅಕ್ಕ, ನಿನಗೆ ಬೇರೆ ಕಳಿಸುತ್ತೇನೆ. ಚೆನ್ನಾಗಿದೆ ಅಂತ ಬರೆಯಬೇಡ, ಯಾವ ಸಾಲಿನಲ್ಲಿ ಫೋನ್ ಕೆಳಗಿಟ್ಟೆ ಅಂತ ಅಷ್ಟು ಹೇಳಿದರೆ ಸಾಕು. ಭಾವನಿಗೆ ಮಾತ್ರ ಪೂರ್ತಿ ಆದ ಮೇಲೆಯೇ ಕೊಡುವುದು, ಅವರು ಮೊದಲು ತಿರುಗಿಸುವುದೇ ಕೊನೆಯ ಪುಟ.