‘ಗೂತ್ ದ ಲೆ’: ಫಲಕಕ್ಕೆ ಕನ್ನಡ ಪದ ಬೇಕು, ನಾಳೆಯೊಳಗೆ

ಬಲ್ಲವರು ದಯವಿಟ್ಟು ಬೇಗ ಹೇಳಿ. ಮಕ್ಕಳ ಆರೋಗ್ಯದ ಚರಿತ್ರೆ ಕುರಿತ ಪ್ರದರ್ಶನದ ಫಲಕಗಳು ನಾಳೆ ಅಚ್ಚಿಗೆ ಹೋಗಬೇಕು. ಡಾ. ಲಿಯೋನ್ ದ್ಯುಫೂರ್ 1894ರಲ್ಲಿ ಫ್ರಾನ್ಸಿನ ಫೆಕಾಂನಲ್ಲಿ ತೆರೆದದ್ದು ‘ಗೂತ್ ದ ಲೆ’. ತಾಯಿಹಾಲು ಸಾಲದ ಕೂಸುಗಳಿಗೆ ಕಾಯಿಸಿ ಶುದ್ಧಮಾಡಿದ ಹಸುವಿನ ಹಾಲನ್ನು ಸೀಸೆಗಳಲ್ಲಿ ಕೊಡುತ್ತಿದ್ದರು; ವಾರವಾರ ಕೂಸನ್ನು ತಂದು ತೂಗಿಸಬೇಕಿತ್ತು. ಪದಕ್ಕೆ ಪದ ಇಟ್ಟರೆ ‘ಹಾಲಿನ ಹನಿ’; ಅಷ್ಟು ಸಾಕೇ? ‘ಶಿಶು ಚಿಕಿತ್ಸಾಲಯ’ ಎಂದರೆ ಕಾಯಿಲೆ ಬಿದ್ದ ಮಕ್ಕಳದು ಅನ್ನಿಸುತ್ತದೆ. ಇಲ್ಲಿಗೆ ತರುತ್ತಿದ್ದದ್ದು ಕಾಯಿಲೆ ಬೀಳದಿರಲಿ ಎಂದು.

* * *

‘ಹನಿ’ ಬೇಡವೇ ಬೇಡ. ಮಕ್ಕಳು, ಹನಿ ಎಂದೊಡನೆ ನಮ್ಮವರಿಗೆ ಪೋಲಿಯೋ. ‘ಹಾಲಿನ ಕೇಂದ್ರ’ ಎಂದರೆ ಡೈರಿ. ‘ಕೂಸಿನ ಮನೆ’ ಚೆನ್ನಾಗಿತ್ತು, ಅದು ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರದ ಪಾಲಾಗಿದೆ. ‘ಹಸುಗೂಸಿನ ಹಾಲುಮನೆ’ ಎನ್ನಿ. ಈ ‘ಹಸು’ ಆಕಳಲ್ಲ. ಹಸಿ, ಹಸುರು, ಹಸುಳೆಗಳ ಬೇರಿನದು, ಎಳೆಯದು ಎಂದರ್ಥ. ತಮಿಳಿನ ‘ಪಚ್ಚಿಳಂ ಕುೞಂದೈ’ಯಲ್ಲೂ ಅದೇ ಬೇರು. ಇಂಥ ಮಾತು ಮನೆಯಲ್ಲೇ ಇರುವಾಗ ‘ಶಿಶು’ವೂ ಬೇಡ, ‘ಆಲಯ’ವೂ ಬೇಡ.

* * *

ಬೇರು ಸರಿ, ಸಲಹೆ ತಪ್ಪು. ‘ಹಾಲುಮನೆ’ಯಲ್ಲಿ ತೂಕ, ವೈದ್ಯರ ಮಾತು ಎರಡೂ ಬಿಟ್ಟುಹೋದವು. 1892ರಲ್ಲೇ ಪ್ಯಾರಿಸ್ಸಿನ ಶಾರಿತೆ ಆಸ್ಪತ್ರೆಯಲ್ಲಿ ವೈದ್ಯ ಪಿಯರ್ ಬ್ಯುದಾಂ ನಡೆಸಿದ್ದು ಅದನ್ನೇ: ಕೂಸನ್ನು ತೂಗು, ಮೊಲೆಹಾಲೇ ಕೊಡು ಎಂದು ತಾಯಿಗೆ ಹೇಳು. ಸೀಸೆಹಾಲು ಬೇರೆ ಗತಿಯಿಲ್ಲದವರಿಗೆ ಎಂಬುದೇ ದ್ಯುಫೂರ್ ನಿಲುವೂ ಆಗಿತ್ತು. ಮೇಲಾಗಿ ಇದು ಅಂಕಿತನಾಮ. ಸ್ಪೇನಿನವರು, ಸ್ವೀಡನ್ನಿನವರು ತಮ್ಮ ತಮ್ಮ ಭಾಷೆಯಲ್ಲಿ ‘ಹಾಲಿನ ಹನಿ’ ಎಂದೇ ಇಟ್ಟುಕೊಂಡರು. ನಾವೂ ಇಡೋಣ, ಕೆಳಗೆ ‘ಕೂಸುಗಳ ತೂಕ ಮತ್ತು ಸಲಹಾ ಕೇಂದ್ರ’ ಎಂದು ಬರೆಯೋಣ. ಎರವಲಿನ ಮಡಿ ಸಾಕು. ಆಸ್ಪತ್ರೆ, ದವಾಖಾನೆ ಎರಡೂ ಹೊರಗಿಂದ ಬಂದವು. ಇವತ್ತು ಹಳ್ಳಿಯ ಬಾಯಲ್ಲಿ ಅವೇ ಕನ್ನಡ.

* * *

ಆಸ್ಪತ್ರೆ ಎಂಬ ವಸ್ತು ಹೊರಗಿಂದ ಬಂತು, ಪದವೂ ಬಂತು. ಕೂಸು, ಹಾಲು, ತೂಕ ಹಾಗಲ್ಲ. ನಿಮ್ಮ ‘ಸಲಹೆ’ ಅರಬ್ಬಿ ಮೂಲದ್ದು. ಸಾಕಿ ಸಲಹು ಎನ್ನುವಾಗಿನ ‘ಸಲಹು’ ನಮ್ಮದು. ‘ಕೂಸು ಸಲಹುವ ತಾಣ’ ಎನ್ನಿ, ಹಾಲೂ ಬಂತು, ತೂಕವೂ ಬಂತು.

* * *

ಅದು ಅನಾಥಾಲಯವಾಯಿತು.

* * *

ಇಬ್ಬರಿಗೂ ವಂದನೆ. ಮೇಲೆ ‘ಹಾಲಿನ ಹನಿ’, ಕೆಳಗೆ ‘ಹಸುಗೂಸುಗಳಿಗೆ ಹಾಲು, ತೂಕ, ಸಲಹೆ’ ಎಂದು ಕಳಿಸುತ್ತಿದ್ದೇನೆ. ಮುಂದಿನ ಫಲಕ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ 1907ರಲ್ಲಿ ಶುರುವಾದ ‘ಸ್ಕೂಲ್ ಫಾರ್ ಮದರ್ಸ್’. ಅಲ್ಲಿ ಮೊಲೆಯೂಡುವ ತಾಯಂದಿರಿಗೆ ಊಟವನ್ನೂ ಕೊಡುತ್ತಿದ್ದರು. ‘ತಾಯಂದಿರ ಶಾಲೆ’ ಎಂದರೆ ಆದೀತೇ?